ನಾಲ ಬಡಿದವರ ನುಡಿ

ನಮ್ಮ ಮನೆತನವನ್ನು ಊರು ವರ್ಷಕ್ಕೊಮ್ಮೆ ತಾಳ ಹಾಕಿ ಬೈಯುತ್ತದೆ. ಸುಮ್ಮನೆ ಬೈದಿದ್ದರೆ ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಾಲ್ಕು ಬೈದು ಬರುತ್ತಿದ್ದೆ. ಇವರು ದೇವರನ್ನು ಹೊತ್ತುಕೊಂಡು ಬೈಯುತ್ತಾರೆ, ಅದಕ್ಕೇ ಮೈ ಉರಿಯುತ್ತದೆ. ಮೊಹರಂ ಹಬ್ಬದ ಕಡೆಯ ದಿನ ಅಲಾಯಿ ದೇವರುಗಳು, ಅಂದರೆ ಬಟ್ಟೆ ಸುತ್ತಿ ಶೃಂಗರಿಸಿದ ಪಂಜಾಗಳು, ಊರೊಳಗೆ ಮೆರವಣಿಗೆ ಹೊರಟಾಗ ಹಾಡುವ ರಿವಾಯತ್ ಪದದಲ್ಲಿ ಒಂದು ನುಡಿ ನಮಗಾಗಿಯೇ ಇದೆ:

ದಂಡಿನ ಕುದುರಿಗೆ ನಾಲ ಬಡಿದವನ
ಬಾಗಲಕ ಹುಲ್ಲು ಬೆಳಿಯಲಿ,
ದೊರಿಯ ಬೆನ್ನಿಗೆ ದಂಡ ಓಡಿಸಿದವನ
ಮನಿಯ ದೀಪ ನಂದಲಿ.

ನಾಲ ಬಡಿದವನು ಅಂದರೆ ನಮ್ಮ ಮುತ್ತಜ್ಜನ ಅಜ್ಜ. ಹುಲ್ಲು ಬೆಳೆಯಬೇಕಾದ ಬಾಗಿಲು ಅಂದರೆ ನಾನು ಈಗ ಕುಳಿತು ಬರೆಯುತ್ತಿರುವ ಮನೆಯ ಬಾಗಿಲು.

ನಮ್ಮೂರು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಿಂದ ಒಳಗಿದೆ. ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತೇನೆ. ಗಂಡನಿಗೆ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸ, ರಜೆ ಸಿಕ್ಕಾಗ ಬರುತ್ತಾನೆ. ಅಬ್ಬಾ ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾನು ಮತ್ತು ಅಮ್ಮ, ಇಬ್ಬರೇ. ಬಸ್ಸು ಹಿಡಿದು ಮಸ್ಕಿಗೆ ಹೋಗಿ, 1857ರ ಸಿಪಾಯಿ ದಂಗೆಗೆ ಕಾರಣಗಳೇನು ಎಂದು ಕೇಳಿದರೆ ಮಕ್ಕಳು ರಾಜಕೀಯ, ಆರ್ಥಿಕ, ಧಾರ್ಮಿಕ, ಸೈನಿಕ ಎಂದು ಗಿಳಿಪಾಠ ಒಪ್ಪಿಸುತ್ತವೆ. ನಮ್ಮ ಸೀಮೆಯ ಕಾರಣ ಹೇಳ್ರಿ ಅಂದರೆ ಎಲ್ಲವೂ ಬೆಂಚಿನ ಕೆಳಗೆ ಏನೋ ಬೀಳಿಸಿಕೊಂಡವರಂತೆ ಬಗ್ಗುತ್ತವೆ.

ನಾನೇ ಹೇಳಬೇಕಾಗುತ್ತದೆ. ಇಂಗ್ಲಿಷರು ನಿಜಾಮನ ಹೆಸರಿನಲ್ಲಿ ಒಂದು ಸೈನ್ಯ ಕಟ್ಟಿದರು, ಅದರ ಖರ್ಚನ್ನು ಅವನ ತಲೆಗೇ ಕಟ್ಟಿದರು, ಅವನಿಗೆ ತೀರಿಸಲಾಗದಾಗ ನಮ್ಮ ಈ ಎರಡು ಹೊಳೆಗಳ ನಡುವಿನ ಸೀಮೆಯನ್ನೇ ಬರೆಸಿಕೊಂಡರು. ಲಿಂಗಸುಗೂರಿನಲ್ಲಿ ಅವರ ದಂಡು ಬೀಡುಬಿಟ್ಟಿತು. ಹೊಳೆಯಾಚೆ ಸುರಪುರದಲ್ಲಿ ಎಳೆಯ ದೊರೆ. ಅವನು ಚಿಕ್ಕವನಿದ್ದಾಗ ಸಂಸ್ಥಾನವನ್ನು ಇಂಗ್ಲಿಷ್ ಅಧಿಕಾರಿಯೇ ನೋಡಿಕೊಂಡ. ಪ್ರಾಯಕ್ಕೆ ಬಂದ ಮೇಲೆ ಗಾದಿ ಕೊಟ್ಟರು, ಮೇಲಿನ ಕಣ್ಣು ಮಾತ್ರ ತೆಗೆಯಲಿಲ್ಲ. ಉತ್ತರದಲ್ಲಿ ಸಿಪಾಯಿಗಳು ಎದ್ದ ಸುದ್ದಿ ಬಂದಾಗ ದೊರೆ ತನ್ನ ಬೇಡರ ಪಡೆಯ ಜೊತೆಗೆ ಅರಬರನ್ನೂ ರೋಹಿಲರನ್ನೂ ಸೇರಿಸತೊಡಗಿದ. ಅವರನ್ನು ಕಳಿಸಿಬಿಡು ಎಂದು ಹೇಳಲು ಲಿಂಗಸುಗೂರಿನಿಂದ ಒಬ್ಬ ಅಧಿಕಾರಿ ಹೋದ. ದೊರೆ ಜಗ್ಗಲಿಲ್ಲ. ಅಧಿಕಾರಿಯ ಡೇರೆಗಳ ಮೇಲೆ ದಾಳಿಯಾಯಿತು, ಅದರ ಹಿಂದೆಯೇ ಇನ್ನಷ್ಟು ದಂಡು ಹೋಯಿತು, ಸುರಪುರ ಬಿತ್ತು. ನಮ್ಮೂರಿನ ಪದ ಇದನ್ನೆಲ್ಲ ಕರ್ಬಲಾದ ಧಾಟಿಯಲ್ಲಿ ಹೇಳುತ್ತದೆ, ಅಳು ಬರುವ ಹಾಗೆ ಹೇಳುತ್ತದೆ. ಅಳುತ್ತ ಅಳುತ್ತ ನಮ್ಮ ಮನೆಯ ಮುಂದೆ ಬಂದು ಕ್ಯಾಕರಿಸಿ ಉಗುಳುತ್ತದೆ.

ಕುದುರೆಗೆ ನಾಲ ಬಡಿಯುವವನು ಕುದುರೆ ಇದ್ದಲ್ಲಿಗೆ ಹೋಗಬೇಕು, ಮತ್ತೆಲ್ಲಿಗೆ ಹೋಗಬೇಕು? ಎಮ್ಮೆಗೆ ಬಡಿಯಬೇಕಿತ್ತೇ? ದಂಡು ಬಂತು, ಅದರ ಜೊತೆ ಕುದುರೆಗಳು ಬಂದವು, ಅವನು ಸುತ್ತಿಗೆ ಹಿಡಿದು ಹೋದ. ಇಷ್ಟಕ್ಕೆ ಶಾಪ. ಇದರಲ್ಲಿ ಯಾರೂ ಧರ್ಮ ಹುಡುಕಬೇಡಿ. ಪದ ಹಾಡುವವರಲ್ಲಿ ನಮ್ಮವರೂ ಇದ್ದಾರೆ, ಎಲ್ಲ ಜಾತಿಯವರೂ ಇದ್ದಾರೆ. ಒಬ್ಬರಿಗೊಬ್ಬರು ಮುಖ ನೋಡದವರೂ ನಮ್ಮನ್ನು ಬೈಯುವ ಹೊತ್ತಿಗೆ ಒಂದಾಗುತ್ತಾರೆ.

ಮೆರವಣಿಗೆಯ ಪದ್ಧತಿ ಹೀಗೆ. ದೇವರು ಒಂದೊಂದು ಮನೆಯ ಮುಂದೆ ನಿಲ್ಲುತ್ತದೆ. ಹಾಡುವವರು ಒಂದು ನುಡಿ ಹಾಡುತ್ತಾರೆ. ಆ ಮನೆಯ ಹೆಂಗಸು ದೇವರು ಹೊತ್ತವನ ಕಾಲಿಗೆ ಕೊಡದಿಂದ ನೀರು ಹಾಕುತ್ತಾಳೆ, ಅವನು ಅವಳ ಹಣೆಗೆ ಊದಿನ ಬೂದಿ ಹಚ್ಚುತ್ತಾನೆ, ದೇವರು ಮುಂದಿನ ಮನೆಗೆ ಹೋಗುತ್ತದೆ. ನುಡಿಗಳಿಗೆ ಒಂದು ಸರದಿ ಇದೆ. ಒಂದನ್ನು ಹಾರಿಸಿದರೆ ಪದ ಒಡೆಯಿತು ಎನ್ನುತ್ತಾರೆ, ಪದ ಒಡೆದರೆ ದೇವರು ಹೆಜ್ಜೆ ಎತ್ತುವಂತಿಲ್ಲ. ನಮ್ಮ ಮನೆ ಬಂದಾಗ ಮಾತ್ರ ಹಲಗೆ ಬಡಿಯುವುದು ನಿಲ್ಲುತ್ತದೆ, ದೇವರು ಹೊತ್ತವನು ಓಡುತ್ತಾನೆ, ಹಾಡುವವರು ಓಡುತ್ತಲೇ ನಮ್ಮ ನುಡಿಯನ್ನು ಬಾಗಿಲಿಗೆ ಎಸೆದು ಹೋಗುತ್ತಾರೆ.

ಅಮ್ಮ ಈ ಮನೆಗೆ ಸೊಸೆಯಾಗಿ ಬಂದ ವರ್ಷ ಯಾರೂ ಅವಳಿಗೆ ಇದನ್ನು ಹೇಳಿರಲಿಲ್ಲವಂತೆ. ಹಸಿರು ಬಳೆ ಇಟ್ಟುಕೊಂಡು, ತುಂಬಿದ ಕೊಡ ಹಿಡಿದುಕೊಂಡು ಬಾಗಿಲಲ್ಲಿ ನಿಂತಳಂತೆ. ಅವಳ ಮುಖದ ಮುಂದೆಯೇ ದೇವರು ಓಡಿಹೋಯಿತು. ಅತ್ತೆ ರಟ್ಟೆ ಹಿಡಿದು ಒಳಗೆಳೆದು ಬಾಗಿಲು ಹಾಕಿದಳು. ಅಂದಿನಿಂದ ಪ್ರತಿ ವರ್ಷ ಅಮ್ಮ ಕೊಡ ತುಂಬಿ, ಮುಚ್ಚಿದ ಬಾಗಿಲ ಹಿಂದೆ ನಿಂತು ಇಡೀ ಪದ ಕೇಳುತ್ತಾಳೆ. ದೇವರು ಹೋದ ಮೇಲೆ ಆ ನೀರನ್ನು ತುಳಸಿ ಗಿಡದಷ್ಟೇ ಜೋಪಾನ ಮಾಡಿದ ತನ್ನ ಬೇವಿನ ಮರಕ್ಕೆ ಹಾಕಿ ಬರುತ್ತಾಳೆ. ಸಾಯುವುದರೊಳಗೆ ಒಂದು ಸಲ ದೇವರು ತನ್ನ ಬಾಗಿಲಲ್ಲಿ ನಿಲ್ಲಬೇಕು, ತಾನು ನೀರು ಹಾಕಬೇಕು. ಅವಳು ಬೇರೇನನ್ನೂ ಬೇಡಿದ್ದನ್ನು ನಾನು ಕಂಡಿಲ್ಲ. ಹಜ್‌ಗೆ ಹೋಗೋಣ ಅಂದರೂ "ಮೊದಲ ಮನಿ ಬಾಗಲ ಚೊಕ್ಕ ಆಗ್ಲಿ" ಅನ್ನುತ್ತಿದ್ದಳು.

ಹೋದ ವರ್ಷ ಹಬ್ಬಕ್ಕೆ ಮೊದಲು ಪದದ ಮುಂದಾಳು ನಮ್ಮ ಮನೆಗೆ ಬಂದ. ಮಸ್ಕಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮನುಷ್ಯ, ಬಿಳಿ ಅಂಗಿಯ ಇಸ್ತ್ರಿ ಮುರಿಯದ ಹಾಗೆ ಕೂರುವವನು. ಅಲ್ಲಿಯವರೆಗೆ ಅವನು ನಮ್ಮ ಹೊಸ್ತಿಲು ತುಳಿದವನಲ್ಲ. ಬಂದವನೇ ಹಲ್ಲು ಕಿರಿದ.

"ಟೀಚರ್, ಈ ಸಲ ನಿಮ್ಮ ಬಾಗಲಿಗೂ ದೇವ್ರು ನಿಂದರಸ್ತೀವ್ರಿ."

"ಯಾಕ್ರೀ? ಇಷ್ಟು ವರ್ಷ ಓಡಿ ಓಡಿ ದೇವ್ರಿಗೆ ಕಾಲುನೋವು ಬಂದೈತೇನು?" ಅಂದೆ.

"ಹಂಗನಬ್ಯಾಡ್ರಿ. ಸಿಂಧನೂರಿಂದ ವಿಡಿಯೊ ಮಾಡೋರು ಬರಾಕತ್ತ್ಯಾರ. ಸ್ವಾತಂತ್ರ್ಯದ ಪದ ಅಂತ ಎಲ್ಲಾರ ಮೊಬೈಲಿಗೂ ಹಾಕ್ತಾರಂತ. ಆ ನಿಮ್ಮ ನುಡಿ ಒಂದು ಬಿಟ್ಟು ಹಾಡ್ತೀವಿ. ನೋಡೋರಿಗೆ ಚಂದ ಕಾಣಬೇಕಲ್ರಿ."

ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ತಲೆಮಾರು ನಮ್ಮ ಮೋರೆಗೆ ಮಸಿ ಬಳಿದವರು ಈಗ ಫೋಟೊಗಾಗಿ ಒರೆಸಲು ಬಂದಿದ್ದರು. "ನುಡಿ ಬಿಟ್ರ ಮುಂದಿನ ವರ್ಷ?" ಎಂದು ಕೇಳಿದೆ. "ಮುಂದಿನದು ಮುಂದ ನೋಡೋಣ್ರಿ," ಅಂದ. ಚಹಾ ಕೊಡಬಾರದೆಂದು ನಾನು ಎದ್ದು ನಿಂತೆ. ಅಷ್ಟರಲ್ಲಿ ಅಮ್ಮ ಒಳಗಿಂದ ಚಹಾದ ಬಸಿ ಹಿಡಿದುಕೊಂಡು ಬಂದೇಬಿಟ್ಟಳು.

"ದೇವ್ರು ನಿಂದರತದಲ್ಲಪ್ಪ? ಅಷ್ಟು ಸಾಕು ನನಗ," ಅಂದಳು.

ಅವನು ಹೋದ ಮೇಲೆ ನಾನು ಅಮ್ಮನ ಮೇಲೆ ಹರಿಹಾಯ್ದೆ. "ಇವರ ನಾಟಕಕ್ಕ ನೀ ನೀರು ಹಾಕ್ತೀಯೇನು? ನಿನಗ ಮಾನ ಮರ್ಯಾದಿ ಐತೋ ಇಲ್ಲೋ?"

"ನಕ್ಕೋ ಬೋಲ್," ಎಂದು ಅಮ್ಮ ದಖನಿಯಲ್ಲಿ ನನ್ನ ಬಾಯಿ ಮುಚ್ಚಿಸಿದಳು. ಆಮೇಲೆ ಕನ್ನಡಕ್ಕೆ ಬಂದಳು. "ನಿನ್ನ ಇತಿಹಾಸ ಸಾಲ್ಯಾಗ ಹೇಳು. ನಾ ಈ ಬಾಗಲ ಹಿಂದ ನಿಂತು ನಿಂತು ಮುದುಕಿ ಆಗೀನಿ. ನೀ ಆಗಿಲ್ಲ."

ಅವಳು ಹಬ್ಬದ ಸಿಹಿ ರೊಟ್ಟಿ ಚೊಂಗೆ ಸುಟ್ಟಳು, ನಾನು ತಿನ್ನಲಿಲ್ಲ. ಗಂಡ ಫೋನಿನಲ್ಲಿ "ಮುದುಕಿಯ ಆಸೆ, ಬಿಟ್ಟು ಹಾಕು" ಅಂದ. ಅವನಿಗೂ ಎರಡು ಅಂದು ಫೋನು ಇಟ್ಟೆ.

ಹಬ್ಬದ ಕಡೆಯ ದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೆರವಣಿಗೆ ನಮ್ಮ ಓಣಿಗೆ ತಿರುಗಿತು. ಅಮ್ಮ ಬಾಗಿಲನ್ನು ಎರಡೂ ಕಡೆ ತೆರೆದು, ಹಸಿರು ಸೀರೆಯುಟ್ಟು, ಕೊಡವನ್ನು ಟೊಂಕದ ಮೇಲಿಟ್ಟು ಹೊಸ್ತಿಲ ಹೊರಗೆ ನಿಂತಳು. ಕೊಡದ ಭಾರಕ್ಕೆ ಒಂದು ಕಡೆ ವಾಲಿದ್ದಳು. ಹಿಡಿಯಲು ಹೋದರೆ ಮೊಣಕೈಯಿಂದ ನನ್ನನ್ನು ತಳ್ಳಿದಳು. ಸಿಂಧನೂರಿನ ಇಬ್ಬರು ಮೊಬೈಲುಗಳನ್ನು ಕೋಲಿಗೆ ಸಿಕ್ಕಿಸಿಕೊಂಡು ಹಿಂದೆ ಹಿಂದೆ ನಡೆಯುತ್ತ ಬಂದರು. ಹಲಗೆ ನಿಲ್ಲಲಿಲ್ಲ. ದೇವರು ಹೊತ್ತವನು, ಊರಿನ ಕುರಿಗಳನ್ನು ಕಾಯುವ ಗಟ್ಟಿ ಆಳು, ಓಡಲಿಲ್ಲ. ನಮ್ಮ ಬಾಗಿಲಿಗೆ ಬಂದು ನಿಂತ. ಎಂಥ ಸಿಟ್ಟಿನಲ್ಲಿದ್ದರೂ ನಾನು ತಲೆಯ ಮೇಲೆ ಸೆರಗು ಎಳೆದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಮುಂದಾಳು ದನಿ ಎತ್ತಿದ. ನಮ್ಮ ನುಡಿ ಹಾರಿಸಿ, ಅದರ ಮುಂದಿನ ನುಡಿ ಹಿಡಿದ. ದೊರೆಯ ತಾಯಿ ಅಳುವ ನುಡಿ, ಅದು ಪಕ್ಕದ ಮನೆಯ ಪಾಲಿನದು. ಹಿಮ್ಮೇಳದವರು ಸೇರಿಕೊಂಡರು. ನುಡಿ ಮುಗಿಯಿತು. ಎಲ್ಲರೂ ಅಮ್ಮನನ್ನು ನೋಡಿದರು, ಮೊಬೈಲುಗಳೂ ಅವಳತ್ತ ತಿರುಗಿದವು.

ಅಮ್ಮ ನೀರು ಹಾಕಲಿಲ್ಲ.

"ಹಾಕಬೇ ಅವ್ವಾ," ಎಂದು ಮುಂದಾಳು ಮೆಲ್ಲಗೆ ಅಂದ.

"ಇದು ನಮ್ಮ ನುಡಿ ಅಲ್ಲಲ್ಲಪ್ಪ," ಅಂದಳು ಅಮ್ಮ. "ನಮ್ಮದು ಎಲ್ಲೈತಿ?"

"ಅದು ಬ್ಯಾಡಂತ ಮಾತಾಡಿದ್ವಲ್ಲ. ನೀನ ಹ್ಞೂಂ ಅಂದೀದಿ."

"ಅಂದೀನಿ. ದೇವ್ರು ಬಂದು ಎದುರಿಗೆ ನಿಂತದ್ದು ನೋಡಿದೆ, ಈಗ ಒಲ್ಲೆ. ಬಾಗಲ ಹಾಕಿದಾಗ ಬೈತಿದ್ರಿ. ತಗದಾಗ ಬಾಯಿ ಬಿದ್ದು ಹೋತೇನು? ಮುಖ ನೋಡಿ ಬೈರಿ."

ಮುಂದಾಳು ಸಿಡುಕಿನಿಂದ ಕುರಿ ಕಾಯುವವನಿಗೆ "ನಡಿಯಲೇ ಮುಂದಕ" ಎಂದು ಸನ್ನೆ ಮಾಡಿದ. ಅವನು ಅಲುಗಲಿಲ್ಲ. ಬರಿಗಾಲಲ್ಲಿ ಉಪವಾಸವಿದ್ದು ದೇವರು ಹೊರುವವನಿಗೆ ವಿಡಿಯೊ ಯಾವ ಲೆಕ್ಕ? "ನುಡಿ ಹಾರೈತಿ. ಪದ ಒಡದೈತಿ. ನಾ ಹೆಂಗ ಹೆಜ್ಜಿ ಎತ್ಲಿ?" ಅಂದ. ತಾವೇ ಕಾಯ್ದುಕೊಂಡು ಬಂದ ಕಟ್ಟಳೆ ಇವರಿಗೆ ಆಗ ನೆನಪಾಯಿತು. ಚಂದ ಕಾಣುವ ಆತುರದಲ್ಲಿ ದೇವರನ್ನು ತಂದು ನಮ್ಮ ಬಾಗಿಲಲ್ಲೇ ಸಿಕ್ಕಿಸಿದ್ದರು! ಹಿಂದಿನಿಂದ ಯಾರೋ "ಹಾಡಿ ಮುಗಸ್ರಿ ಮತ್ತ, ಹೊತ್ತು ಮುಳಗಾಕತ್ತೈತಿ" ಎಂದು ಕೂಗಿದರು.

ಮುಂದಾಳು ಬಾಯಿ ತೆರೆದ. "ದಂಡಿನ" ಅನ್ನುವಷ್ಟರಲ್ಲಿ ಕೆಮ್ಮಿದ. ಹಿಮ್ಮೇಳದವರು ನೆಲ ನೋಡಿದರು. ಎಂಬತ್ತು ದಾಟಿದ ಮುದುಕಿಯ ಕಣ್ಣಲ್ಲಿ ಕಣ್ಣಿಟ್ಟು ನಿನ್ನ ಮನೆಯ ದೀಪ ನಂದಲಿ ಅನ್ನಲು ಗಂಡಸುತನ ಬೇಕಲ್ಲ, ಓಡುತ್ತ ಅಂದಷ್ಟು ಸುಲಭವೇ?

ಆಗ ಅಮ್ಮನೇ ಹಾಡಿದಳು. ಹೆಂಗಸರು ರಿವಾಯತ್ ಎತ್ತುವ ರೂಢಿ ನಮ್ಮೂರಲ್ಲಿಲ್ಲ. ಬಿರುಕು ಬಿಟ್ಟ ದನಿ, ಉಸಿರು ಸಾಲದು, ಆದರೆ ಧಾಟಿ ಒಂದು ಎಳೆಯೂ ತಪ್ಪಲಿಲ್ಲ. ತನ್ನ ಬಾಗಿಲಿಗೆ ತಾನೇ ಶಾಪ ಹಾಕಿ ನುಡಿ ಮುಗಿಸಿದಳು. ನಾನು ಕದ ಹಿಡಿದುಕೊಂಡು ನಿಂತಿದ್ದೆ, ಅತ್ತೆನೋ ಹಲ್ಲು ಕಡಿದೆನೋ ನನಗೇ ತಿಳಿಯದು.

"ನಾಲ ಬಡದದ್ದು ಖರೆ," ಅಂದಳು ಅಮ್ಮ. "ಹಾಡಿದೆ. ಈಗ ನಿಮ್ಮ ನುಡಿ ಹಾಡ್ರಿ."

"ನಮ್ಮದ್ಯಾವ ನುಡಿ?" ಅಂದ ಮುಂದಾಳು.

"ಕುದುರಿ ನಾಲ ತಿಂದು ಸುರಪುರಕ್ಕ ಓಡ್ಯಾವೇನು? ಕಣಕಿ ಹಾಕಿದವರ ನುಡಿ ಎಲ್ಲೈತಿ?"

ಕಣಕಿ ಅಂದರೆ ಜೋಳದ ದಂಟಿನ ಮೇವು. ಮುಂದಾಳಿನ ಮನೆತನದ ಎರೆ ಹೊಲಕ್ಕೆ ಇವತ್ತಿಗೂ ದಂಡಿನ ಬಣವಿ ಅಂತಲೇ ಹೆಸರು. ಅಲ್ಲಿ ಯಾರ ಕುದುರೆಗಳಿಗಾಗಿ ಮೇವು ಒಟ್ಟಿದ್ದರು ಎಂದು ಊರಿನ ಕೂಸಿಗೂ ಗೊತ್ತು. ದಿನಾ ಆ ಹೆಸರು ಹೇಳಿ ದನ ಹೊಡೆದುಕೊಂಡು ಹೋಗುತ್ತೇವೆ. ಪಾಠದಲ್ಲಿ ಕಾರಣಗಳನ್ನು ಕೊರೆಯುವ ನನಗೂ ಆ ಹೆಸರನ್ನು ಅವರ ಮುಖಕ್ಕೆ ಹಿಡಿಯಬೇಕೆಂದು ಹೊಳೆದಿರಲಿಲ್ಲ. ಮುಂದಾಳು ಮೊಬೈಲಿನವರ ಕಡೆ ತಿರುಗಿ "ಬಂದ್ ಮಾಡ್ರೋ ಅದನ್ನ" ಎಂದು ಅರಚಿದ.

ಅಮ್ಮ ಕೊಡ ಬಾಗಿಸಿ ಕುರಿ ಕಾಯುವವನ ಕಾಲಿಗೆ ನೀರು ಹಾಕಿದಳು. ನಿಧಾನವಾಗಿ, ಎರಡೂ ಪಾದ ನೆನೆಯುವ ಹಾಗೆ. ಅವನು ಅಳುತ್ತ ಅವಳ ಹಣೆಗೆ ಬೂದಿ ಹಚ್ಚಿದ. ಮುಂದಾಳು ಹತ್ತಿರ ಬಂದು, "ಆತಲ್ಲ ಅವ್ವಾ, ಇನ್ನ ಸಿಟ್ಟು ಬಿಡು," ಅಂದ.

"ದೇವ್ರ ಮ್ಯಾಲ ನನಗ ಸಿಟ್ಟಿಲ್ಲ. ನಿಮ್ಮ ಮ್ಯಾಲ ಐತಿ, ಇರ್ತೈತಿ," ಅಂದಳು ಅಮ್ಮ. "ಮುಂದಿನ ಸಲ ನಿಮ್ಮ ನುಡಿ ಕಟಗೊಂಡು ಬರ್ರಿ. ಇಲ್ಲಾಂದ್ರ ಈ ಬಾಗಲಕ ನಿಂದರಬ್ಯಾಡ್ರಿ. ನನಗ ಬೇಕಾಗಿಲ್ಲ."

ವಿಡಿಯೊದಲ್ಲಿ ನಮ್ಮ ಓಣಿಯೇ ಇರಲಿಲ್ಲ.

ಈ ವರ್ಷ ಹಬ್ಬ ಬಂತು. ನುಡಿ ಯಾರೂ ಕಟ್ಟಿರಲಿಲ್ಲ. ಕಟ್ಟುತ್ತಾರೆಂದು ನಾನು ನಂಬಿರಲೂ ಇಲ್ಲ. ಅಮ್ಮನಿಗೆ ಈಗ ನಿಲ್ಲಲಾಗುವುದಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕೈ ಕಟ್ಟಿಕೊಂಡು ಕೂತಳು. ಕೊಡ ತುಂಬಲಿಲ್ಲ. ಮೆರವಣಿಗೆ ಓಣಿಗೆ ತಿರುಗಿ, ತೆರೆದ ಬಾಗಿಲನ್ನು ನೋಡಿ, ಒಂದು ಗಳಿಗೆ ತಡೆಯಿತು. ಮುಂದಾಳು ಹಿಂದೆ ಸರಿದು ಗುಂಪಿನಲ್ಲಿ ಸೇರಿಕೊಂಡ. ಆಮೇಲೆ ಎಲ್ಲರೂ ಓಡಿದರು. ನಮ್ಮ ನುಡಿ ಯಾರ ಬಾಯಲ್ಲೂ ಬರಲಿಲ್ಲ, ಮುಂದಿನದೂ ಬರಲಿಲ್ಲ. ಪದ ಒಡೆದರೂ ಈ ಸಲ ದೇವರು ನಿಲ್ಲಲಿಲ್ಲ, ಧೂಳು ಮಾತ್ರ ಎದ್ದಿತು. ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಿದ್ದಳು. ಅವರಲ್ಲಿ ಒಬ್ಬನೂ ಅವಳತ್ತ ಕಣ್ಣೆತ್ತಲಿಲ್ಲ.