ಬಿರುಗಾಳಿಯ ಮೂರನೆಯ ದಿನ ಬಾಗಿಲಿಗೆ ಬಂದವನು

ದೆವ್ವ, ಭೂತ, ಶಕುನಗಳ ಮಾತು ಬಂದರೆ ನಾನು ಎದ್ದು ಹೋಗುವವಳು. ಜಂಬಕ್ಕೆ ಹೇಳುತ್ತಿಲ್ಲ, ಬೆಳೆದ ಮನೆಯೇ ಅಂಥದ್ದು. ನಮ್ಮಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ನಿಂಬೆಹಣ್ಣು, ತಾಯಿತ, ಅಂತ್ರ ಎಲ್ಲವನ್ನೂ ಮನೆಯಿಂದ ಆಚೆ ಹಾಕಿದ್ದರು. ಚಿಕ್ಕಂದಿನಲ್ಲಿ ನಾನು ಹಿತ್ತಲಿನ ಕತ್ತಲಿಗೆ ಹೆದರಿದರೆ ಕೈಗೆ ಟಾರ್ಚು ಕೊಟ್ಟು, "ಹೋಗಿ ನೋಡ್ಕೊಂಡ್ ಬಾ, ಏನೈತೆ ಅಂತ" ಎಂದು ಕಳಿಸುತ್ತಿದ್ದರು. ಹೋಗಿ ನೋಡುತ್ತಿದ್ದೆ, ಏನೂ ಇರುತ್ತಿರಲಿಲ್ಲ. ಮುಂದೆ ಡಿಪ್ಲೊಮಾ ಓದಿ ಕರೆಂಟಿನ ಕೆಲಸಕ್ಕೆ ಸೇರಿದೆ. ಅಲ್ಲಿ ಕಣ್ಣಿಗೆ ಕಾಣದೆ ಕೊಲ್ಲುವುದು ಒಂದೇ ಒಂದು, ಅದನ್ನೂ ಮೀಟರಿನಲ್ಲಿ ಅಳೆಯಬಹುದು. ಹಾಗಾಗಿ ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವು ನಂಬದೆ ಹೋದರೆ ನನಗೆ ಬೇಸರವೂ ಇಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಅಜ್ಜಂಪುರದ ಕಡೆಯ ಒಂದು ಸಣ್ಣ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದೆ. ನಮ್ಮೂರು ಅಲ್ಲಿಂದ ಎರಡು ಕಿಲೋಮೀಟರು. ಬೇಸಿಗೆಯ ಕೊನೆ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಎಂದು ಟಿವಿಯವರು ಎರಡು ದಿನದಿಂದ ಬಡಿದುಕೊಳ್ಳುತ್ತಿದ್ದರು. ಸಮುದ್ರವೆಲ್ಲಿ, ನಾವೆಲ್ಲಿ ಎಂದು ನಮ್ಮೂರಲ್ಲಿ ಯಾರೂ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಅದರ ಮಾರನೆಯ ದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಬುಕ್ಕಾಂಬುಧಿ ಗುಡ್ಡದ ಕಡೆ ಆಕಾಶ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ನಾನು ಡ್ಯೂಟಿ ಮುಗಿಸಿ ಮನೆಯಲ್ಲಿದ್ದೆ. ಮೊದಲು ಹಕ್ಕಿಗಳ ಸದ್ದು ನಿಂತಿತು, ಆಮೇಲೆ ಗಾಳಿ ಬಂತು. ಗಾಳಿ ಅಂದರೆ ನಮಗೆ ಗೊತ್ತಿದ್ದ ಗಾಳಿಯಲ್ಲ. ನಮ್ಮ ಮನೆಯ ಶೀಟುಗಳು ಒಂದಾದ ಮೇಲೆ ಒಂದು ಕಿತ್ತುಕೊಂಡು ಹೋದವು. ಅಮ್ಮನನ್ನು ಕಬ್ಬಿಣದ ಮಂಚದ ಕೆಳಗೆ ತಳ್ಳಿ, ಅಪ್ಪ ನಾನು ಗೋಡೆಗೆ ಒರಗಿ ತಲೆಯ ಮೇಲೆ ಚಾಪೆ ಹಿಡಿದುಕೊಂಡು ಕೂತೆವು. ಆಲಿಕಲ್ಲು ಬಿದ್ದಿತು. ಮುಕ್ಕಾಲು ಗಂಟೆ ಇರಬಹುದು, ಅಷ್ಟೇ. ಹೊರಗೆ ಬಂದು ನೋಡಿದರೆ ಊರೇ ಬೇರೆ. ತೆಂಗಿನ ಮರಗಳು ಕೆಲವು ಬುಡಸಮೇತ ಬಿದ್ದಿದ್ದವು, ಕೆಲವಕ್ಕೆ ಕತ್ತು ತಿರುಚಿದ ಹಾಗೆ ತಲೆಯೇ ಇರಲಿಲ್ಲ. ಹುಣಸೆಮರದ ಕೆಳಗೆ ಕಟ್ಟಿದ್ದ ಪಕ್ಕದ ಮನೆಯವರ ಎರಡು ಹಸು ಅಲ್ಲೇ ಸತ್ತಿದ್ದವು. ನಮ್ಮವು ಹನ್ನೊಂದು ತೆಂಗಿನ ಮರ, ಎರಡು ಉಳಿದವು. ಅಪ್ಪ ಅಳುವುದನ್ನು ನಾನು ಮೊದಲು ನೋಡಿದ್ದು ಅವತ್ತು.

ಅವತ್ತೇ ಸಂಜೆ ನಡೆದುಕೊಂಡು ಸ್ಟೇಷನ್ನಿಗೆ ಹೋದೆ. ರಸ್ತೆಯುದ್ದಕ್ಕೂ ಕಂಬಗಳು ಮಲಗಿದ್ದವು. ಅಲ್ಲಿದ್ದವನು ಪಾಳಿ ನನಗೆ ಒಪ್ಪಿಸಿ ಮನೆಯವರನ್ನು ನೋಡಲು ತನ್ನೂರಿಗೆ ಓಡಿದ. ಆಮೇಲೆ ಪಾಳಿ ಬದಲಾಯಿಸಬೇಕಿದ್ದ ಇನ್ನೊಬ್ಬ ಆಪರೇಟರ್‌ಗೆ ತರೀಕೆರೆಯಿಂದ ಬರಲು ದಾರಿಯೇ ಇರಲಿಲ್ಲ. ಹಾಗಾಗಿ ಮೂರು ದಿನ ನಾನೊಬ್ಬಳೇ ಉಳಿದೆ. ಮೊಬೈಲ್ ಟವರುಗಳೂ ಬಿದ್ದು ಯಾರಿಗೂ ಫೋನು ಇಲ್ಲ. ಕರೆಂಟಿಲ್ಲದಿದ್ದರೆ ಬೋರ್‌ವೆಲ್ ಓಡುವುದಿಲ್ಲ. ಎರಡನೆಯ ದಿನದಿಂದ ಜನ ಬಿಂದಿಗೆ ಹಿಡಿದುಕೊಂಡು ನಮ್ಮ ಗೇಟಿನ ಮುಂದೆಯೇ ಕೂರತೊಡಗಿದರು. ನಾನೇನೋ ನೀರನ್ನು ಒಳಗೆ ಬಚ್ಚಿಟ್ಟುಕೊಂಡಿದ್ದೇನೆ ಅನ್ನುವ ಹಾಗೆ ನೋಡುತ್ತಿದ್ದರು.

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಲೈನಿನ ಮೇಲೆ ಯಾರೇ ಹತ್ತಬೇಕಾದರೂ ಮೊದಲು ಆಪರೇಟರ್ ಹತ್ತಿರ 'ಲೈನ್ ಕ್ಲಿಯರ್', ನಮ್ಮವರ ಬಾಯಲ್ಲಿ ಎಲ್‌ಸಿ, ತೆಗೆದುಕೊಳ್ಳಬೇಕು. ಕರೆಂಟು ತೆಗೆದಿದ್ದೇನೆ, ನೀವು ಹತ್ತಬಹುದು ಎಂದು ನಾನು ಪುಸ್ತಕದಲ್ಲಿ ಬರೆದು ಅವರ ಸಹಿ ಹಾಕಿಸಿಕೊಳ್ಳುತ್ತೇನೆ. ಕೆಲಸ ಮುಗಿದ ಮೇಲೆ ತೆಗೆದುಕೊಂಡವರೇ ಅದನ್ನು ವಾಪಸ್ ಕೊಡಬೇಕು. ಅಲ್ಲಿಯವರೆಗೆ ಸಾಕ್ಷಾತ್ ಮಂತ್ರಿಯೇ ಬಂದರೂ ಕರೆಂಟು ಬಿಡುವ ಹಾಗಿಲ್ಲ. ಇದು ನಿಯಮ. ಆದರೆ ನಮ್ಮವರಲ್ಲಿ ಒಂದು ಕೆಟ್ಟ ರೂಢಿಯೂ ಇದೆ. ಒಬ್ಬರು ತೆಗೆದುಕೊಂಡ ಲೈನ್ ಕ್ಲಿಯರ್ ಮೇಲೆ ಇನ್ನೊಬ್ಬರು ಹತ್ತಿಬಿಡುತ್ತಾರೆ. ಹೇಗೂ ಲೈನು ಸತ್ತಿದೆಯಲ್ಲ, ಅಷ್ಟು ದೂರ ಹೋಗಿ ಸಹಿ ಹಾಕಿ ಯಾಕೆ ಬರಬೇಕು ಎಂದು, ಅಲ್ಲಿರುವ ಒಬ್ಬರಿಗೆ ಬಾಯಲ್ಲಿ ಹೇಳಿ ಹತ್ತುವುದು. ಹಾಗೆ ಹತ್ತಿದವನು ಪುಸ್ತಕದಲ್ಲಿ ಇರುವುದಿಲ್ಲ.

ರುದ್ರೇಶಣ್ಣ ನಮ್ಮೂರಿನವರೇ, ಲೈನ್‌ಮ್ಯಾನ್. ತೆಂಗಿನ ತೋಟವಿರುವ ಮನೆಯವರು, ನಲವತ್ತು ದಾಟಿತ್ತು, ಇಬ್ಬರು ಹೆಣ್ಣುಮಕ್ಕಳು. ನಾನು ಕೆಲಸಕ್ಕೆ ಸೇರಿದ ದಿನ, "ನಮ್ ಪ್ರಾಣ ಇನ್ಮೇಲೆ ನಿನ್ ಕೈಲಿ ಐತೆ ಕಣಮ್ಮ, ಸಿಟ್ಟು ಬಂದ್ರೆ ಬಾಯಲ್ಲಿ ಬೈದ್ಬಿಡು" ಎಂದು ನಗಿಸಿದ್ದರು. ಗಾಳಿ ಬಂದ ಮಾರನೆಯ ದಿನದಿಂದ ಅವರು ಊರೂರು ತಿರುಗುತ್ತಿದ್ದರು. ಮೂರನೆಯ ದಿನ ನಾನು ಅವರ ಮುಖ ನೋಡಿರಲಿಲ್ಲ, ಎಲ್ಲಿದ್ದಾರೆಂದೂ ಗೊತ್ತಿರಲಿಲ್ಲ.

ಆ ದಿನ ಬುಕ್ಕಾಂಬುಧಿ ಕಡೆಯ ಲೈನಿಗೆ ಕೆಲಸ ಮಾಡಲು ಕಡೂರಿನಿಂದ ಒಂದು ತಂಡ ಬಂದಿತ್ತು. ನಮ್ಮೂರಿಗೆ ಕರೆಂಟು ಬರುವುದೂ ಆ ಲೈನಿನಿಂದಲೇ. ಅವರ ಮೇಸ್ತ್ರಿ ತಿಮ್ಮಪ್ಪ ಬೆಳಿಗ್ಗೆ ಲೈನ್ ಕ್ಲಿಯರ್ ತೆಗೆದುಕೊಂಡು ಹೋದವರು ಸಾಯಂಕಾಲ ಐದೂವರೆಗೆ ವಾಪಸ್ ಬಂದರು. ಬಟ್ಟೆಯೆಲ್ಲ ಕೆಸರು, ಕಣ್ಣು ಕೆಂಪಗೆ.

"ಆಯ್ತು ಕಣಮ್ಮ. ನಮ್ಮೋರೆಲ್ಲ ಇಳ್ದವ್ರೆ, ತಲೆ ಎಣಿಸ್ಕೊಂಡೇ ಬಂದಿದೀನಿ. ಹಾಕ್ಬಿಡು" ಎಂದು ಪುಸ್ತಕಕ್ಕೆ ಸಹಿ ಹಾಕಿದರು. ಹಾಕಿ, ಕಂಟ್ರೋಲ್ ರೂಮಿನ ಹೊಸ್ತಿಲಿನಾಚೆ ಮೆಟ್ಟಿಲ ಮೇಲೆ ಕೂತು ಟೀ ಕುಡಿಯತೊಡಗಿದರು. ಆ ಕೋಣೆಗೆ ಇರುವುದು ಅದೊಂದೇ ಬಾಗಿಲು. ನಾನು ಪುಸ್ತಕವನ್ನು ಎರಡು ಸಲ ನೋಡಿದೆ. ಆ ಲೈನಿನಲ್ಲಿ ವಾಪಸ್ ಬರಬೇಕಾದದ್ದು ಇನ್ನೇನೂ ಇರಲಿಲ್ಲ. 'ಕೆಲಸ ನಡೆಯುತ್ತಿದೆ' ಎನ್ನುವ ಬೋರ್ಡನ್ನು ಪ್ಯಾನೆಲ್‌ನಿಂದ ತೆಗೆದಿಟ್ಟು ಕರೆಂಟು ಬಿಡುವ ಹ್ಯಾಂಡಲ್ ಮೇಲೆ ಕೈ ಇಟ್ಟೆ.

"ಇನ್ನೂ ಇಳ್ದಿಲ್ಲ ಕಣಮ್ಮ. ಒಂಚೂರು ತಡಿ."

ತಿರುಗಿ ನೋಡಿದೆ. ಬಾಗಿಲ ಒಳಗಡೆ ರುದ್ರೇಶಣ್ಣ ನಿಂತಿದ್ದರು. ಸೊಂಟಕ್ಕೆ ಬೆಲ್ಟು, ಮೊಣಕಾಲಿನವರೆಗೆ ಕೆಸರು, ಬಲಗೈಗೆ ಬಟ್ಟೆ ಸುತ್ತಿತ್ತು. ಹೊರಗಿನ ಬೆಳಕು ಇನ್ನೂ ಚೆನ್ನಾಗಿತ್ತು, ನನ್ನಿಂದ ಅವರಿಗೆ ಹತ್ತು ಅಡಿಯೂ ಇರಲಿಲ್ಲ. ಮಂಜುಮಂಜಾಗಿ ಕಂಡಿತು, ನೆರಳಿನ ಹಾಗಿತ್ತು ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ. ನಿತ್ಯ ನೋಡುವ ಮನುಷ್ಯ, ನಿತ್ಯದ ದನಿ. ತಮ್ಮ ಕಡೆಯವರು ಯಾರೋ ಮೇಲಿದ್ದಾರೆ ಎನ್ನುತ್ತಿದ್ದಾರೆ ಅಂದುಕೊಂಡೆ. "ಸರಿ ಅಣ್ಣ" ಎಂದು ಕೈ ತೆಗೆದು ಬೋರ್ಡನ್ನು ಮತ್ತೆ ನೇತುಹಾಕಿದೆ. ಯಾರು ಎಂದು ಕೇಳಲು ತಿರುಗಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಹೊರಗೆ ಬಂದು, "ರುದ್ರೇಶಣ್ಣ ಎಲ್ ಹೋದ್ರು?" ಎಂದೆ.

ಮೇಸ್ತ್ರಿ ಲೋಟ ಕೆಳಗಿಟ್ಟರು. "ಯಾವ್ ರುದ್ರೇಶ?"

"ಈಗ ಒಳಗ್ ಬಂದಿದ್ರಲ್ಲ."

"ನಾನು ಬಾಗ್ಲಿಗೇ ಕೂತಿದೀನಲ್ಲಮ್ಮ, ಯಾರೂ ಬಂದಿಲ್ಲ."

ಹೊಸ್ತಿಲೊಳಗಿನ ನೆಲ ನೋಡಿದೆ. ಮೇಸ್ತ್ರಿಯ ಬೂಟಿನ ಕೆಸರಿತ್ತು, ನನ್ನ ಚಪ್ಪಲಿಯ ಗುರುತಿತ್ತು. ಮೂರನೆಯದು ಇರಲಿಲ್ಲ. ಆ ಗಳಿಗೆಯಲ್ಲಿ ನನಗೆ ಬಂದದ್ದು ಭಯಕ್ಕಿಂತ ಹೆಚ್ಚಾಗಿ ನಾಚಿಕೆ. ಮೂರು ದಿನದಿಂದ ಕುರ್ಚಿಯಲ್ಲೇ ತೂಕಡಿಸಿದ್ದೇನೆ, ತಲೆ ಕೆಟ್ಟಿದೆ, ಇದನ್ನು ಬಾಯಿಬಿಟ್ಟು ಹೇಳಿದರೆ ಹೆಂಗಸನ್ನು ಈ ಕೆಲಸಕ್ಕೆ ಹಾಕಿದ್ದೇ ತಪ್ಪು ಅನ್ನುತ್ತಾರೆ, ಹೀಗೆಲ್ಲ ಯೋಚನೆ ಬಂತು. ಗೇಟಿನ ಹತ್ತಿರ ಜನ ಆಗಲೇ ಎದ್ದು ನಿಂತಿದ್ದರು. ನಮ್ಮ ಬೀದಿಯ ಸಣ್ಣಮ್ಮತ್ತೆ ಕಂಬಿಯ ಸಂದಿನಿಂದ, "ಇನ್ನೂ ಯಾಕೇ ತಡ? ಮಕ್ಳಿಗೆ ಬಾಯಿಗ್ ಬಿಡಕ್ಕೆ ನೀರಿಲ್ಲ ಕಣೇ" ಎಂದರು. ಹಿಂದಿನಿಂದ ಯಾರೋ, "ಕುರ್ಚಿ ಸಿಕ್ತಲ್ಲ, ಊರೋರು ಮರ್ತೋದ್ರು ಬಿಡ್ರಿ" ಎಂದರು. ಆ ಮಕ್ಕಳು ನಾನು ಎತ್ತಿ ಆಡಿಸಿದ ಮಕ್ಕಳು.

ಮತ್ತೆ ಒಳಗೆ ಹೋಗಿ ಹ್ಯಾಂಡಲ್ ಮುಂದೆ ನಿಂತೆ. ಪುಸ್ತಕ ಹಾಕು ಅನ್ನುತ್ತಿತ್ತು, ಮೇಸ್ತ್ರಿ ಹಾಕು ಅನ್ನುತ್ತಿದ್ದರು, ಊರು ಹಾಕು ಅನ್ನುತ್ತಿತ್ತು. ಹಾಕಬೇಡ ಅಂದದ್ದು ಇಲ್ಲದ ಒಬ್ಬ ಮನುಷ್ಯ. ಕೈ ಎತ್ತಲು ಆಗಲಿಲ್ಲ. ಹೊರಗೆ ಬಂದು, "ರುದ್ರೇಶಣ್ಣ ಎಲ್ಲವ್ರೆ ಅಂತ ಗೊತ್ತಾಗೋವರ್ಗೂ ಹಾಕಲ್ಲ" ಎಂದೆ. ಮೇಸ್ತ್ರಿಗೆ ಸಿಟ್ಟು ಬಂತು. "ಅವನು ನನ್ ಗ್ಯಾಂಗಿನೋನೇ ಅಲ್ವಲ್ಲಮ್ಮ. ನನ್ ಸಹಿ ಮೇಲೆ ನಂಬ್ಕೆ ಇಲ್ವಾ ನಿಂಗೆ?" ಎಂದರು. ಕೊನೆಗೆ ಬೈದುಕೊಂಡೇ ಯಾರದೋ ಬೈಕು ಇಸಕೊಂಡು, ಲೈನು ಹೋಗುವ ದಾರಿ ಹಿಡಿದು ಬುಕ್ಕಾಂಬುಧಿ ಕೆರೆಯ ಕಡೆ ಹೋದರು.

ವಾಪಸ್ ಬರುವಷ್ಟರಲ್ಲಿ ಏಳಾಗುತ್ತ ಬಂದಿತ್ತು. ಹಿಂದೆ ರುದ್ರೇಶಣ್ಣ ಕೂತಿದ್ದರು. ಮೇಸ್ತ್ರಿ ಬೈಕು ನಿಲ್ಲಿಸಿದವರು ಮೆಟ್ಟಿಲ ಮೇಲೆ ಕುಸಿದು ಕೂತು ನಡೆದದ್ದು ಹೇಳಿದರು. ಕೆರೆ ಏರಿಯ ಆಚೆ, ಸ್ಟೇಷನ್ನಿನಿಂದ ಆರು ಕಿಲೋಮೀಟರು ದೂರದಲ್ಲಿ, ಬಿದ್ದ ತೆಂಗಿನ ಮರಗಳ ನಡುವಿನ ಒಂದು ಕಂಬದ ಮೇಲೆ ರುದ್ರೇಶಣ್ಣ ಎರಡೂ ಕೈಯಲ್ಲಿ ತಂತಿ ಹಿಡಿದು ಬಿಗಿಯುತ್ತಿದ್ದರಂತೆ. ಕಡೂರಿನ ತಂಡದ ಒಬ್ಬನಿಗೆ, "ನಿಮ್ ಎಲ್‌ಸಿ ಮೇಲೆ ನಾನೂ ಹತ್ತಿದೀನಿ, ಮೇಸ್ತ್ರಿಗೆ ಹೇಳು" ಅಂದಿದ್ದರು. ಅವನನ್ನು ಅದಾದ ತಕ್ಷಣ ಬೇರೆ ಕಡೆ ಕರೆದುಕೊಂಡು ಹೋಗಿದ್ದರು. ಹೇಳಲು ಮರೆತಿದ್ದ.

ರುದ್ರೇಶಣ್ಣನ ಬಲಗೈಗೆ ಬಟ್ಟೆ ಸುತ್ತಿತ್ತು. ತಂತಿ ತರಚಿತು, ಮಧ್ಯಾಹ್ನ ಸುತ್ತಿಕೊಂಡೆ ಎಂದರು. ಮೊದಲು ನಕ್ಕು, "ಕಣಿ ಹೇಳೋದ್ ಯಾವಾಗ ಕಲ್ತೆ ಕಣಮ್ಮ?" ಎಂದರು. ನೀವೇ ಬಂದು ಹೇಳಿದಿರಲ್ಲ ಎಂದಾಗ ನಗು ನಿಂತಿತು.

"ನಾನಾ? ಮೂರು ಗಂಟೆಯಿಂದ ಕಂಬದ್ ಮೇಲೇ ಇದ್ದೆ."

"ಐದೂವರೆ ಹೊತ್ನಲ್ಲಿ ನನ್ನ ನೆನೆಸ್ಕೊಂಡ್ರಾ?"

"ಸುಳ್ ಯಾಕ್ ಹೇಳ್ಲಿ. ನಟ್ಟು ಜಾರಿ ಕೆಳಗ್ ಬಿತ್ತು, ಅದನ್ನ ಬೈಕೋತಿದ್ದೆ. ನಿನ್ ನೆನಪೂ ಬರ್ಲಿಲ್ಲ ಕಣಮ್ಮ."

ಅದಾದ ಮೇಲೆ ಪುಸ್ತಕದಲ್ಲಿ ಅವರ ಸಹಿಯನ್ನೂ ಹಾಕಿಸಿಕೊಂಡು ಕರೆಂಟು ಬಿಟ್ಟೆ. ಗೇಟಿನ ಹತ್ತಿರ ಜನ ಕೂಗಿಕೊಂಡು ಊರ ಕಡೆ ಓಡಿದರು. ನಾನು ಬ್ಯಾಟರಿ ರೂಮಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಸುದ್ದಿ ಮುಚ್ಚಿಡಲು ಆಗಲಿಲ್ಲ. ರುದ್ರೇಶಣ್ಣನ ತಾಯಿ ಕರೆಸಿಕೊಂಡು, ನಡುಮನೆಯಲ್ಲಿ ಕೂರಿಸಿ ಹಾಲು ಕೊಟ್ಟರು. ಆ ಮನೆಯ ಒಳಗೆ ನಾನು ಹೋದದ್ದು ಅದೇ ಮೊದಲು. "ನಮ್ ಮನೆದೇವ್ರೇ ಅವನ ರೂಪ್ದಲ್ಲಿ ಬಂದಿದ್ದು ಕಣವ್ವ" ಎಂದರು. ಹೌದು ಅನ್ನಲು ನನ್ನಿಂದ ಆಗಲಿಲ್ಲ. ಅಲ್ಲ ಅನ್ನಲು ಮನಸ್ಸು ಬರಲಿಲ್ಲ, ಹಾಲು ಕುಡಿದು ಎದ್ದು ಬಂದೆ. ನಮ್ಮಪ್ಪ ಮಾತ್ರ ವಕೀಲರ ಹಾಗೆ ಒಂದೊಂದಾಗಿ ಕೇಳಿದರು. ಅವತ್ತು ಅವರನ್ನು ನೋಡಿದ್ದೆಯಾ, ಕೈಗೆ ಗಾಯವಾದದ್ದು ಯಾರಾದರೂ ಹೇಳಿದ್ದರಾ, ಎಷ್ಟು ಹೊತ್ತು ನಿದ್ದೆಗೆಟ್ಟಿದ್ದೆ. ಕೊನೆಗೆ, "ನಿದ್ದೆ ಇಲ್ದಿದ್ರೆ ಕಣ್ಣು ಸುಳ್ ಹೇಳ್ತದೆ ಮಗ" ಎಂದರು. ನಿದ್ದೆಗೆಟ್ಟ ಕಣ್ಣು ಇಲ್ಲದ ಮನುಷ್ಯನನ್ನು ತೋರಿಸಬಹುದು, ಒಪ್ಪುತ್ತೇನೆ. ಆದರೆ ಅವನ ಗಾಯವನ್ನು ಸರಿಯಾದ ಕೈಗೇ ಹೇಗೆ ತೋರಿಸಿತು ಎಂದು ಕೇಳಿದೆ.

ರುದ್ರೇಶಣ್ಣ ಬದಲಾದರು. ಬಂದರೆ ಸಹಿ ಹಾಕಿ, ತಲೆ ತಗ್ಗಿಸಿ ಹೋಗುತ್ತಿದ್ದರು, ಮೊದಲಿನ ತಮಾಷೆ ಇಲ್ಲ. ತಮ್ಮನ್ನು ತಮ್ಮ ದೇಹದ ಹೊರಗೆ ಕಂಡವಳ ಮುಖ ನೋಡುವುದು ಅವರಿಗೆ ಕಷ್ಟವಾಗಿರಬೇಕು. ನನಗೂ ಅವರನ್ನು ಕಂಡರೆ ಒಂದು ಕ್ಷಣ ಅನುಮಾನ, ಇವರು ಬಂದಿದ್ದಾರೋ ಇಲ್ಲವೋ ಎಂದು.

ಇದನ್ನು ನಾನು ಬರೆಯುತ್ತಿರಲಿಲ್ಲ. ಹೋದ ವರ್ಷ ಚಿಕ್ಕಮಗಳೂರಿನಲ್ಲಿ ಆಪರೇಟರುಗಳಿಗೆ ಒಂದು ತರಬೇತಿ ಇತ್ತು. ಊಟದ ಹೊತ್ತಿನಲ್ಲಿ, ದೂರದ ಯಾವುದೋ ಸ್ಟೇಷನ್ನಿನಿಂದ ಬಂದಿದ್ದ, ನಿವೃತ್ತಿಗೆ ಹತ್ತಿರವಿದ್ದ ಒಬ್ಬರು ತಟ್ಟೆ ಹಿಡಿದುಕೊಂಡು ನನ್ನ ಎದುರಿಗೆ ಬಂದು ಕೂತರು. ನನ್ನ ಕತೆಯನ್ನು ಯಾರೋ ಅವರಿಗೆ ಹೇಳಿದ್ದರು. ಅವರೂ ಒಂದು ಸಾಯಂಕಾಲ ಪುಸ್ತಕ ನೋಡಿ, ಎಲ್ಲ ಸಹಿ ಸರಿಯಾಗಿರುವುದನ್ನು ಖಚಿತ ಮಾಡಿಕೊಂಡು ಕರೆಂಟು ಬಿಟ್ಟಿದ್ದರು. ಪುಸ್ತಕದಲ್ಲಿಲ್ಲದ ಒಬ್ಬ ಕಂಬದ ಮೇಲಿದ್ದ. ವಿಚಾರಣೆಯಲ್ಲಿ ಅವರ ತಪ್ಪಿಲ್ಲವೆಂದು ಬರೆದುಕೊಟ್ಟರಂತೆ.

ಅನ್ನವನ್ನು ಕಲಸಿದರು, ಆದರೆ ತಿನ್ನಲಿಲ್ಲ. "ಬಿಡೋಕ್ ಮುಂಚೆ ನಾನೂ ಒಂದ್ಸಲ ಬಾಗ್ಲ ಕಡೆ ನೋಡಿದ್ದೆ ಕಣಮ್ಮ" ಎಂದರು. "ನಿನ್ ಹತ್ರ ಬಂದಂಗೆ ನನ್ ಹತ್ರ ಯಾಕಮ್ಮ ಯಾರೂ ಬರ್ಲಿಲ್ಲ?"

ನನಗೆ ಗೊತ್ತಿಲ್ಲ ಎಂದೆ. ಅವರು ತುಂಬ ಹೊತ್ತು ನನ್ನ ಮುಖವನ್ನೇ ನೋಡುತ್ತ ಕೂತಿದ್ದರು, ಗೊತ್ತಿದ್ದೂ ಹೇಳುತ್ತಿಲ್ಲವೇನೋ ಅನ್ನುವ ಹಾಗೆ.