ಎಲ್ಲ ಸರಿ ಇದೆ ಎಂದು ಬರೆದ ದಿನ

ನನ್ನ ತಮ್ಮ ಮೂರನೇ ತರಗತಿಗೇ ಶಾಲೆ ಬಿಟ್ಟವನು. ನಾನು ಅವನಿಗಿಂತ ಒಂದು ವರ್ಷ ಹೆಚ್ಚು ಓದಿದವಳು. ಆ ಒಂದು ವರ್ಷದ ಜಂಬ ಅರವತ್ತು ದಾಟಿದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ.

ಅವನು ಮಂಜುಗಡ್ಡೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಯಂತ್ರದವನು. ಅದೇ ಕಾರ್ಖಾನೆಯ ಗೋಡೆಗೆ ಆನಿಸಿ ಕಟ್ಟಿದ ಸಣ್ಣ ಕೋಣೆಯಲ್ಲಿ ನಾನು ಕೆಲಸಗಾರರಿಗೆ ಚಹಾ ಕಾಯಿಸುತ್ತಿದ್ದೆ. ಗೋಡೆಯಾಚೆ ಯಂತ್ರ ದಿನವಿಡೀ ಗುಡುಗುಡು ಅನ್ನುತ್ತಿತ್ತು. ಕೊಳವೆಗಳ ತುಂಬ ಅಮೋನಿಯಾ. ನೀರನ್ನು ಗಡ್ಡೆ ಕಟ್ಟಿಸುವುದೂ ಅದೇ, ಹೊರಗೆ ಬಂದರೆ ಮನುಷ್ಯನ ಕಣ್ಣು ಸುಡುವುದೂ ಅದೇ. ಹಾವಿನ ಜೊತೆ ಸಂಸಾರ ಎಂದು ನಾನು ಅನ್ನುತ್ತಿದ್ದೆ. ತಮ್ಮ ನಗುತ್ತಿದ್ದ. ಯಂತ್ರದ ಉಸಿರು ಕೇಳಿಯೇ ಅದರ ಕಾಯಿಲೆ ಹೇಳುವಷ್ಟು ಪಳಗಿದ್ದ. ಸ್ಪ್ಯಾನರ್ ಹಿಡಿದರೆ ರಾಜ, ಪೆನ್ನು ಕೊಟ್ಟರೆ ಮಾತ್ರ ಅಂಗೈ ಬೆವರುತ್ತಿತ್ತು.

ಪೆನ್ನು ಹಿಡಿಯದೆ ವಿಧಿಯಿರಲಿಲ್ಲ. ಪಾಳಿ ಮುಗಿಸಿ ಹೋಗುವವನು, ಯಂತ್ರದಲ್ಲಿ ಏನು ಹದಗೆಟ್ಟಿದೆ, ಏನು ಸರಿಪಡಿಸಿದೆ ಎಂದು ಪಾಳಿ ಪುಸ್ತಕದಲ್ಲಿ ಬರೆಯಬೇಕು. ಬರುವವನು ಅದನ್ನು ಓದಿ ಕೆಲಸ ಶುರು ಮಾಡಬೇಕು. “ಈ ಪುಸ್ತಕದಲ್ಲಿ ಸುಳ್ಳು ಬರೆದವನಿಗೆ ಇಲ್ಲಿ ಕೆಲಸ ಇಲ್ಲ” ಎಂದು ಮೇಸ್ತ್ರಿ ಎಲ್ಲರಿಗೂ ಹೇಳಿಟ್ಟಿದ್ದರು.

ಮಧ್ಯಾಹ್ನದ ಪಾಳಿಯ ಯಂತ್ರದವನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ನನ್ನ ಕೋಣೆಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರುವಷ್ಟು ಎತ್ತರ. ಅವನು ಪಾಳಿ ಪುಸ್ತಕವನ್ನು ಚಹಾದ ಜೊತೆಗೇ ಓದುವವನು, ಅದೂ ಗಟ್ಟಿಯಾಗಿ.

“ಕೇಳ್ರಪ್ಪ, ಇವತ್ತಿನ ವಾರ್ತೆ. ಮೀಟರಿನ ಮುಳ್ಳು ನಗುತ್ತಿದೆ.”

ತಮ್ಮ ಬರೆಯಬೇಕಾಗಿದ್ದದ್ದು ನಡುಗುತ್ತಿದೆ ಎಂದು. ನಡುವಿನ ಅಕ್ಷರ ಬಿಟ್ಟುಹೋಗಿತ್ತು.

“ಮೇಸ್ತ್ರಿ ಬೆಂದು ನೋಡಿದರು. ಅಯ್ಯೋ ಪಾಪ, ಎಷ್ಟು ಹೊತ್ತು ಬೇಯಿಸಿದ್ರಿ ಪಂಡಿತರೇ? ಆಮೇಲೆ, ತೊಟ್ಟಿಯಿಂದ ಎರಡು ಲೀಟರು ಹೆಣ್ಣು ಇಳಿಸಿದೆ. ಮನೇಲಿ ಹೇಳಿದ್ದೀರಾ ಇದನ್ನ?”

ಅದು ಎಣ್ಣೆ. ಯಂತ್ರದಿಂದ ಹರಿದು ತೊಟ್ಟಿಯ ತಳದಲ್ಲಿ ಕೂರುವ ಎಣ್ಣೆಯನ್ನು ಪ್ರತಿ ಪಾಳಿಯವನೂ ಹಿಂದಿನ ವಾಲ್ವು ತಿರುಗಿಸಿ ಇಳಿಸಬೇಕಿತ್ತು. ಸೇಫ್ಟಿ ವಾಲ್ವ್ ಎಂದು ಎಂಜಿನಿಯರು ಹೇಳಿದ್ದನ್ನು ಕಿವಿಗೆ ಬಿದ್ದ ಹಾಗೆ ‘ಸೇಬು ಟೀ ವಾಲು’ ಎಂದು ಬರೆದ ದಿನವಂತೂ, “ಅಕ್ಕ, ನಂಗೊಂದು ಸೇಬು ಟೀ” ಎಂದು ಸಾಲುಗಟ್ಟಿ ನಿಂತರು. ನಾನೂ ನಕ್ಕೆ. ನನ್ನದೇ ಕೋಣೆಯಲ್ಲಿ ‘ಲೋಟ ತುಳಿದಿಡಿ’ ಎಂಬ ಹಲಗೆ ಎರಡು ವರ್ಷ ತೂಗುತ್ತಿತ್ತಲ್ಲ. ನನ್ನದನ್ನು ಓದಿ ನಕ್ಕರೆ ನನಗೇನೂ ಅನ್ನಿಸುತ್ತಿರಲಿಲ್ಲ. ಅವನೂ ಹಾಗೆಯೇ ಅಂದುಕೊಂಡಿದ್ದೆ.

ಒಂದು ಸಂಜೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, “ಅಕ್ಕ, ನಾಳೆಯಿಂದ ಹೋಗಲ್ಲ” ಎಂದ.

“ಯಾಕೋ?”

“ಮಗಳನ್ನ ನೋಡೋಕೆ ಬಂದಿದ್ದ ಹುಡುಗನ ಮಾವನಿಗೂ ಗೊತ್ತು, ಹೆಣ್ಣು ಇಳಿಸಿದ ಕಥೆ.”

ಆಗ ನಾನು ನನ್ನ ಒಂದು ವರ್ಷದ ಜಾಣತನ ತೋರಿಸಿದೆ. “ದಿನಾ ಅಷ್ಟುದ್ದ ಯಾಕೆ ಬರೀತೀಯ? ಎಲ್ಲ ಸರಿ ಇದೆ ಅಂತ ಬರಿ, ಸಾಕು. ಹೇಳೋದಿದ್ದರೆ ಬಾಯಲ್ಲಿ ಹೇಳು.” ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಆ ಮೂರು ಮಾತನ್ನು ನೂರು ಸಲ ಬರೆಸಿದೆ. ಲಕಾರಕ್ಕೆ ಒತ್ತು ತಪ್ಪದ ಹಾಗೆ ಬೆರಳು ಹಿಡಿದು ತಿದ್ದಿಸಿದೆ. ಮಾರನೆಯ ದಿನ ಉದ್ದಣ್ಣ ಪುಸ್ತಕ ತೆರೆದು, “ಇದೇನು, ಪಂಡಿತರು ನಮ್ಮನ್ನ ಉಪವಾಸ ಕೆಡವಿದರಲ್ಲ” ಎಂದು ಮುಖ ಸಣ್ಣಗೆ ಮಾಡಿದ. ಎಂಟು ತಿಂಗಳು ಹಾಗೇ ನಡೆಯಿತು. ತಮ್ಮ ಎಲ್ಲ ಸರಿ ಇದೆ ಎಂದು ಬರೆಯುವನು, ಗೇಟಿನ ಹತ್ತಿರ ಉದ್ದಣ್ಣನನ್ನು ನಿಲ್ಲಿಸಿಕೊಂಡು ಸರಿ ಇಲ್ಲದ್ದನ್ನೆಲ್ಲ ಹೇಳಿ ಹೋಗುವನು.

ಆ ದಿನ ಒಂದೂವರೆಗೆ ತಮ್ಮ ಚಹಾಕ್ಕೆ ಬಂದಾಗ ಅವನ ಬೆರಳು ಗಂಧಕದ ವಾಸನೆ ಹೊಡೆಯುತ್ತಿತ್ತು. ಗ್ಯಾಸು ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಗಂಧಕದ ಕಡ್ಡಿ ಹಚ್ಚಿ ಹಿಡಿಯುತ್ತಾರೆ. ಸೋರುವ ಕಡೆ ಬಿಳಿ ಹೊಗೆ ಏಳುತ್ತದೆ.

“ಏನಾಯ್ತೋ?”

“ಏನಿಲ್ಲ ಅಕ್ಕ. ಒಂದು ಸಾಮಾನು ತರಬೇಕು. ಗಡ್ಡೆ ಲಾರಿ ಪೇಟೆಗೆ ಹೊರಟಿದೆ, ಉದ್ದಣ್ಣ ಬರೋದರೊಳಗೆ ಬಂದ್ಬಿಡ್ತೀನಿ.” ಬರೆದು ಮುಗಿಸಿದ ಪಾಳಿ ಪುಸ್ತಕ ಬೆಂಚಿನ ಮೇಲಿಟ್ಟು, ಲೋಟ ಅರ್ಧಕ್ಕೇ ಬಿಟ್ಟು ಹೋದ.

ಎರಡಾಯಿತು. ಲಾರಿ ಬರಲಿಲ್ಲ. ಉದ್ದಣ್ಣ ಬಂದ. ಮೇಸ್ತ್ರಿಯೂ ಬೆಂಚಿನ ಮೇಲೆ ಕೂತಿದ್ದರು. ಉದ್ದಣ್ಣ ಪುಸ್ತಕ ತಿರುವಿ, “ಎಲ್ಲ ಸರಿ ಇದೆ. ಇವತ್ತೂ ನಗೋಕೇನಿಲ್ಲ” ಎಂದು ಮಡಚಿಟ್ಟು ಯಂತ್ರದ ಕಡೆ ಹೋದ.

ನನ್ನ ಕೈಯಲ್ಲಿದ್ದ ಜರಡಿ ಹಾಗೇ ನಿಂತಿತು. ಎಲ್ಲ ಸರಿ ಇದ್ದರೆ ಗಂಧಕ ಯಾಕೆ ಹಚ್ಚಿದ? ಗೋಡೆಯಾಚೆ ಕಿವಿಗೊಟ್ಟೆ. ಯಂತ್ರದ ಗುಡುಗಿನ ಕೆಳಗೆ ಎಳೆಯಷ್ಟು ಸಣ್ಣಗೆ ಸುಯ್ ಅನ್ನುವ ಸದ್ದು, ಹಿಂದಿನ ವಾಲ್ವಿನ ಕಡೆಯಿಂದ. ಉದ್ದಣ್ಣ ಪಾಳಿಗೆ ಬಂದವನು ಮೊದಲು ಮಾಡುವ ಕೆಲಸ ಎಣ್ಣೆ ಇಳಿಸುವುದು. ಹಿಂದಿನ ವಾಲ್ವಿನ ಕತ್ತು ಸೋರುತ್ತಿದ್ದರೆ ಅದನ್ನು ತಿರುಗಿಸಿದ ಕೂಡಲೇ ಗ್ಯಾಸು ಮುಖಕ್ಕೇ ಬರುತ್ತದೆ.

ಹೇಳಬೇಕು. ಹೇಳಿದರೆ ತಮ್ಮ ಪುಸ್ತಕದಲ್ಲಿ ಸುಳ್ಳು ಬರೆದ ಎಂದು ಮೇಸ್ತ್ರಿಯ ಎದುರೇ ಹೇಳಿದ ಹಾಗೆ. ಅವನ ಕೆಲಸ ಹೋಗುತ್ತದೆ, ಮಗಳ ಮದುವೆ ಮುರಿಯುತ್ತದೆ. ಸದ್ದು ನನ್ನ ಭ್ರಮೆಯೇ ಆಗಿದ್ದರೆ? ಎಷ್ಟು ಹೊತ್ತು ಹಾಗೆ ನಿಂತೆನೋ ಗೊತ್ತಿಲ್ಲ. ಒಂದು ಲೋಟ ಚಹಾ ಸೋಸುವಷ್ಟು ಹೊತ್ತಿರಬಹುದು. ಆ ಹೊತ್ತಿನ ಲೆಕ್ಕ ನಾನು ಇವತ್ತಿಗೂ ಯಾರಿಗೂ ಒಪ್ಪಿಸಿಲ್ಲ.

“ಮೇಸ್ತ್ರಿಗಳೇ, ಅದು ಸುಳ್ಳು. ಹಿಂದಿನ ವಾಲ್ವು ಸೋರ್ತಿದೆ.”

ಅವರು ಏಳುವುದರೊಳಗೆ ನಾನು ಬಾಗಿಲು ದಾಟಿದ್ದೆ. ಮೊಣಕಾಲು ನೋವು ಎಲ್ಲಿ ಹೋಗಿತ್ತೋ. ಯಂತ್ರದ ಮನೆಯ ಬಾಗಿಲಲ್ಲಿ ನಿಂತು, “ಉದ್ದಣ್ಣ, ಕೈ ಬಿಡು” ಎಂದು ಕಿರುಚಿದೆ. ಅವನು ಆಗಲೇ ಬಗ್ಗಿ ವಾಲ್ವಿಗೆ ಅರ್ಧ ಸುತ್ತು ಕೊಟ್ಟಿದ್ದ. ನನ್ನ ದನಿಗೆ ಮುಖ ಈಚೆ ತಿರುಗಿಸಿದ. ಅದೇ ಗಳಿಗೆಗೆ ಬಟ್ಟೆ ಹರಿದಂಥ ಸದ್ದು. ಬಿಳಿ ಮೋಡವೊಂದು ಅವನ ಕೆನ್ನೆಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ನನ್ನ ಕಣ್ಣಿಗೆ ಮೆಣಸು ಎರಚಿದ ಹಾಗಾಯಿತು, ಉಸಿರು ಒಳಗೆ ಹೋಗಲಿಲ್ಲ. ಮೇಸ್ತ್ರಿ ನನ್ನ ರಟ್ಟೆ ಹಿಡಿದು ಹೊರಗೆಳೆದರು. ಉದ್ದಣ್ಣ ಎಲ್ಲಿ ಎಂದು ಕೇಳಲು ಬಾಯಿ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಎತ್ತರದ ಮನುಷ್ಯ ಅಂಬೆಗಾಲಿಕ್ಕಿಕೊಂಡು ಹೊಸ್ತಿಲಿಗೆ ಬಂದ.

ಅಷ್ಟರಲ್ಲಿ ಲಾರಿ ಬಂತು. ತಮ್ಮ ತಂದಿದ್ದ ಪೊಟ್ಟಣ ಅಲ್ಲೇ ಬಿಸಾಡಿ, ಗೋಡೆಯ ಮೊಳೆಯಿಂದ ಗ್ಯಾಸಿನ ಮುಖವಾಡ ಎಳೆದು ಹಾಕಿಕೊಂಡು ಒಳಗೆ ನುಗ್ಗಿದ. ಅವನು ತೊಟ್ಟಿಗೆ ಗ್ಯಾಸು ಬಿಡುವ ಆಚೆಯ ವಾಲ್ವು ಮುಚ್ಚಿ ಹೊರಬರುವವರೆಗೆ ನಾನು ನನ್ನ ಸೆರಗನ್ನೇ ಕಚ್ಚಿಕೊಂಡಿದ್ದೆ.

ಗಾಳಿ ತಿಳಿಯಾದ ಮೇಲೆ ಮೇಸ್ತ್ರಿ ಪುಸ್ತಕ ತಂದು ತಮ್ಮನ ಮುಂದಿಟ್ಟರು. “ನಡೆದದ್ದು ಬರಿ. ಪೂರ್ತಿ.”

ಗ್ಯಾಸಿನೊಳಗೆ ನುಗ್ಗಿದವನು ಅಂಗೈ ಅಂಗಿಗೆ ಒರೆಸಿಕೊಂಡು ಪೆನ್ನು ಹಿಡಿದ. ಬಹಳ ಹೊತ್ತು ಹಿಡಿಯಿತು.

ಉದ್ದಣ್ಣ ಒದ್ದೆ ಬಟ್ಟೆ ಕಣ್ಣಿಗೆ ಒತ್ತಿಕೊಂಡೇ, “ಓದಕ್ಕ, ನಂಗೆ ಕಾಣಿಸ್ತಿಲ್ಲ” ಎಂದ.

ಓದಿದೆ. “ವಾಲು ಕತು ಸಡಿಲ ಇತು. ಬರಿಲಿಲ. ಬಾಯಲಿ ಹೇಳುವ ಅಂತ ಇದೆ. ಎದರಿಕೆ ಆಯಿತು.”

“ಗ್ಯಾಸಿಗೆ ಹೆದರಿದೆಯಾ?” ಮೇಸ್ತ್ರಿ ಕೇಳಿದರು.

“ಇಲ್ಲ. ನಗ್ತಾರೆ ಅಂತ.”

“ಆ ಸಾಲು ಹೇಳಿಕೊಟ್ಟವಳು ನಾನು. ಕಳಿಸೋದಿದ್ದರೆ ನನ್ನನ್ನ ಕಳಿಸಿ” ಎಂದೆ.

ಮೇಸ್ತ್ರಿ ನನ್ನ ಕಡೆ ನೋಡದೆ ತಮ್ಮನಿಗೆ ಹೇಳಿದರು. “ಯಂತ್ರದಿಂದ ಇಳಿ. ಮೂರು ತಿಂಗಳು ಗಡ್ಡೆ ಡಬ್ಬ ಎತ್ತು.” ಉಳಿದವರ ಕಡೆ ತಿರುಗಿ, “ಆಮೇಲೂ ಇವನಿಗೆ ಬರೆಯೋಕೆ ಬರದಿದ್ದರೆ ಏನು ಮಾಡ್ಲಿ?”

ಉತ್ತರ ಕೊಟ್ಟವನು ಉದ್ದಣ್ಣ. “ತಪ್ಪಾಗೇ ಬರೀಲಿ ಬಿಡಿ. ನಾನು ಯಂತ್ರದ ಮುಂದೆ ನಿಂತು ಓದ್ಕೋತೀನಿ.”

ಅವನ ಬಲಗಣ್ಣು ಸರಿಯಾಗಿ ತೆರೆಯಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ತಮ್ಮ ಡಬ್ಬ ಎತ್ತಿ ಮುಗಿಸಿ ನೇರ ಅವನ ಮನೆಗೆ ಹೋಗಿ ಹೊಸ್ತಿಲಲ್ಲಿ ಕೂತು ಬರುತ್ತಿದ್ದ. ಏನು ಮಾತಾಡಿದಿರಿ ಎಂದು ನಾನು ಕೇಳಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ.