ಹರಕೆಗೆ ಕೊಟ್ಟ ಪೇಟಿ

ಅಪ್ಪನ ಬಲಗೈಯನ್ನು ಮೊದಲ ಸಲ ಕಸಿದುಕೊಂಡದ್ದು ಲಕ್ವಾ. ಎರಡನೇ ಸಲ ಕಸಿದುಕೊಂಡವರು ನಾವು. ಇದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳಿದರೆ ಇವಳದು ಬಾಯಿ ಜೋರು ಎನ್ನುತ್ತಾರೆ. ಜೋರಾಗಬೇಕಾದ ದಿನವೇ ಆ ಬಾಯಿ ಮುಚ್ಚಿಕೊಂಡಿತ್ತಲ್ಲ, ಅದು ನನ್ನ ಸಂಕಟ.

ನನ್ನ ತವರು ಸಾರವಾಡ. ಅಪ್ಪ ಹೊಲದಿಂದ ಬಂದು ಕೈಕಾಲು ತೊಳೆದುಕೊಂಡರೆ ಪೇಟಿಯ ಮುಂದೆ ಕೂಡುತ್ತಿದ್ದ. ಹಾರ್ಮೋನಿಯಂ ಅಂದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಪೇಟಿ ಎನ್ನಬೇಕು. ಪ್ರತಿ ಸೋಮವಾರ ಊರ ಗುಡಿಯ ಭಜನೆಗೆ ಅವನದೇ ಪೇಟಿ. ಅವನಿಗೆ ಎರಡೂ ಕೈ ಪೇಟಿಯ ಬಿಳಿ, ಕರಿ ಮನೆಗಳ ಮೇಲೆ ಬೇಕಾದಾಗ ಎದುರಿಗೆ ಕೂತು ತಿದಿ ಒತ್ತುವ ಕೆಲಸ ನನ್ನದು. ಎಡಗೈಯಿಂದ ಒತ್ತಿ ಬಿಡಬೇಕು, ಗಾಳಿ ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು. ಎಂಟನೇ ವಯಸ್ಸಿನಿಂದ ಲಗ್ನವಾಗಿ ತಿಕೋಟಾಕ್ಕೆ ಹೋಗುವವರೆಗೂ ನಾನು ಗಾಳಿ ಹಾಕಿದ್ದೇನೆ. ಆ ಬಿಳಿ ಮನೆ, ಕರಿ ಮನೆಗಳನ್ನು ಮುಟ್ಟಲು ಮಾತ್ರ ಕೊಡಲಿಲ್ಲ. ಹೆಣ್ಣುಮಕ್ಕಳಿಗೆ ಅದು ಯಾಕೆ ಎಂದರು. ತಮ್ಮನಿಗೆ ಅಪ್ಪ ಕಲಿಸಿದ, ಅವನು ಎರಡು ತಿಂಗಳಿಗೆ ಬೇಜಾರಾಗಿ ಬಿಟ್ಟ. ಆ ಸಿಟ್ಟು ಬೇರೆ, ಅದನ್ನು ಇದರಲ್ಲಿ ಬೆರೆಸಬಾರದು ಅಂದುಕೊಂಡರೂ ಬೆರೆಯುತ್ತದೆ.

ಲಕ್ವಾ ಹೊಡೆದ ಮೇಲೆ ಅಪ್ಪನನ್ನು ವಿಜಯಪುರದ ಇಬ್ರಾಹಿಂಪುರ ಓಣಿಯಲ್ಲಿ, ತಮ್ಮನ ಮನೆಯಲ್ಲಿ ಇಟ್ಟುಕೊಂಡೆವು. ತಮ್ಮನದು ಸಿದ್ಧೇಶ್ವರ ಗುಡಿಯ ಹತ್ತಿರ ಬಟ್ಟೆ ಅಂಗಡಿ. ಅಪ್ಪನಿಗೆ ಮಾತು ಉಳಿದಿತ್ತು, ಕಾಲು ಎಳೆಯುತ್ತಿದ್ದರೂ ನಡೆಯುತ್ತಿದ್ದ. ಬಲಗೈ ಮಾತ್ರ ಯಾರೋ ಮರೆತು ಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ನೋಡಲು ಬಂದವರದೆಲ್ಲ ಒಂದೇ ಮಾತು: "ಕೈ ಅಲಗಾಡಸಬ್ಯಾಡ್ರಿ, ಆರಾಮ ತಗೋರಿ." ಅವ್ವ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತು ಮಾಡಿ ಅವನ ಬಾಯಿಗೆ ಇಡುತ್ತಿದ್ದಳು. ನಮ್ಮಲ್ಲಿ ಜಡ್ಡಿನವರನ್ನು ನೋಡಿಕೊಳ್ಳುವುದೆಂದರೆ ಅವರ ಕೈ ಕಟ್ಟಿ ಕೂಡಿಸುವುದು. ತುತ್ತು ಬಾಯಿಗೆ ಬರುವಾಗ ಅಪ್ಪ ಗೋಡೆ ನೋಡುತ್ತಿದ್ದ.

ಕಸರತ್ತು ಮಾಡಿಸಲು ಒಬ್ಬ ಮೇಡಂ ಬರುತ್ತಿದ್ದರು, ನನ್ನ ಮಗಳ ವಯಸ್ಸಿನವರು. ಒಂದು ದಿನ ಕೇಳಿದರು: "ಅಜ್ಜಾರ, ಈ ಕೈಲೆ ಏನೇನು ಮಾಡೀರಿ?"

"ಕೂರಿಗಿ ಹಿಡದೇನಿ, ಕಬ್ಬು ಕಡದೇನಿ, ಪೇಟಿ ಬಾರಿಸೇನಿ."

"ಪೇಟಿ ಎಲ್ಲೈತ್ರಿ? ತರಸ್ರಿ ಮೊದಲ."

ಅವರು ನಮಗೆ ತಿಳಿಯುವ ಹಾಗೆ ಹೇಳಿದರು. ಮಿದುಳಿನ ಒಂದು ತುಂಡು ಸತ್ತಿದೆ, ಅದು ಮತ್ತೆ ಹುಟ್ಟುವುದಿಲ್ಲ. ಆದರೆ ಪಕ್ಕದ ಭಾಗ ಆ ಕೆಲಸವನ್ನು ಕಲಿಯಬಹುದು, ದಿನಾ ಕಲಿಸಿದರೆ. ಬರೀ ಚೆಂಡು ಹಿಚುಕುವ ಬೆರಳಿಗೆ ತಾನೇನು ಮಾಡಿದೆ ಎಂಬುದು ಗೊತ್ತಾಗುವುದಿಲ್ಲ. ಪೇಟಿಯಲ್ಲಿ ಬೆರಳು ಬಿದ್ದ ಕೂಡಲೇ ಸರಿಯೋ ತಪ್ಪೋ ಎಂದು ಕಿವಿ ಹೇಳುತ್ತದೆ. ಇಷ್ಟು ವರ್ಷ ಬಾರಿಸಿದವರ ತಲೆಯಲ್ಲಿ ಕಿವಿಗೂ ಕೈಗೂ ಹಳೆಯ ನಂಟು ಇರುತ್ತದೆ, ಅದನ್ನು ಹಿಡಿದು ಎಳೆಯೋಣ ಎಂದರು. "ಆಗೇ ಆಗತೈತಿ ಅಂತ ನಾ ಹೇಳಂಗಿಲ್ರಿ. ಆದ್ರ ಬಿಡಬ್ಯಾಡ್ರಿ."

ಅಪ್ಪನಿಗೆ ಅದು ನಮಗಿಂತ ಮೊದಲು ತಿಳಿಯಿತು. "ದಾರಿ ಕೆಟ್ರ ಹೊಲದಾಗ ಹಾದು ಕಾಲ್ದಾರಿ ಮಾಡ್ಕೋತೀವಲ್ಲ, ಹಂಗ ಹೌದಿಲ್ರಿ?"

"ಹಂಗರಿ ಅಜ್ಜಾರ. ದಿನಾ ಅಡ್ಡಾಡಬೇಕು. ಇಲ್ಲಂದ್ರ ಹುಲ್ಲು ಬೆಳಿತೈತಿ."

ಪೇಟಿ ಬಂತು. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು ಬೆರಳು ಊರುವುದು ಅಪ್ಪನ ಕೆಲಸ; ಗಾಳಿ ನನ್ನದು. ನಾನು ತಿಕೋಟಾದಿಂದ ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಬರುತ್ತಿದ್ದೆ. ಉಳಿದ ದಿನ ತಮ್ಮನ ಹೆಂಡತಿ, ಕುಕ್ಕರ್ ಸೀಟಿ ಹೊಡೆಯುವವರೆಗೆ. ಮೊದಲ ತಿಂಗಳು ಬಂದದ್ದು ಸ್ವರವಲ್ಲ, ಮೂರು ಮನೆ ಒಟ್ಟಿಗೆ ಒತ್ತಿದ ಗದ್ದಲ. ಅಪ್ಪ ಮುಖ ಸಿಂಡರಿಸಿ ಕೈ ಎತ್ತಿ ಮತ್ತೆ ಊರುತ್ತಿದ್ದ. ತನ್ನ ಬೆರಳನ್ನೇ ಬೈಯುತ್ತಿದ್ದ: "ಲೇ, ಬಾಜೂಕ ಹೋಗಲೇ." ಎರಡನೇ ತಿಂಗಳು ತೋರುಬೆರಳು ಒಂಟಿಯಾಗಿ ಬಿತ್ತು. ನಾಲ್ಕನೆಯ ತಿಂಗಳಲ್ಲಿ ಒಂದು ಭಜನೆಯ ಮೊದಲ ಸಾಲು, ಕುಂಟುತ್ತಾ, ಒಂದೂ ತಪ್ಪಿಲ್ಲದೆ ಬಂತು. ನನ್ನ ಎಡಗೈಗೆ ಅವನ ಉಸಿರು ಮೊದಲೇ ತಿಳಿಯುತ್ತಿತ್ತು, ಎಲ್ಲಿ ತಡೆಯುತ್ತಾನೆ, ಎಲ್ಲಿ ಬಿಡುತ್ತಾನೆ ಎಂದು. ಇಷ್ಟು ವರ್ಷದ ಮೇಲೂ ಅದು ಮರೆತಿರಲಿಲ್ಲ. ನನ್ನ ಬಲಗೈಗೆ ಏನೂ ಕಲಿಸಿರಲಿಲ್ಲ, ಅದಕ್ಕೆ ಏನೂ ಗೊತ್ತಿಲ್ಲ.

ಅದೇ ವಾರ ಅಪ್ಪ ತಾನೇ ರೊಟ್ಟಿ ಮುರಿದ. ಅರ್ಧ ನೆಲಕ್ಕೆ ಬಿತ್ತು, ಅರ್ಧ ಬಾಯಿಗೆ ಹೋಯಿತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತಳು. ನಾನೂ ಅತ್ತೆ.

ಕಣ್ಣು ಒರೆಸಿಕೊಂಡು ಅವ್ವ ಹೇಳಿದಳು: ಆಸ್ಪತ್ರೆಯ ಮೊದಲ ದಿನವೇ ಅವಳು ಊರ ದೇವರಿಗೆ ಬೇಡಿಕೊಂಡಿದ್ದಳಂತೆ. ಇವರ ಕೈ ಬಂದರೆ ಮನೆಯಲ್ಲಿ ಇವರಿಗೆ ಎಲ್ಲಕ್ಕಿಂತ ಹೆಚ್ಚಿನದನ್ನು ನಿನ್ನ ಪಾದಕ್ಕೆ ಇಡುತ್ತೇನೆ ಎಂದು. ನಮ್ಮ ಮನೆಯಲ್ಲಿ ಅಂಥದ್ದು ಒಂದೇ ಇತ್ತು.

"ಕೈ ಇನ್ನೂ ಪೂರ್ತಿ ಬಂದಿಲ್ಲ ಬೇ ಯವ್ವಾ" ಎಂದೆ.

"ರೊಟ್ಟಿ ಮುರದಾರಲ್ಲ. ಇನ್ನ ತಡ ಮಾಡಿದ್ರ ಕೊಟ್ಟ ಕೈ ತಿರುಗಿ ತಗೊಂಡಾನು."

ಪೇಟಿ ಇನ್ನೂ ಆರು ತಿಂಗಳು ಬೇಕು ಎಂದು ಮೇಡಂ ನನಗೇ ಹೇಳಿದ್ದರು. ಅದನ್ನು ಅಂದು ನಾನು ಹೇಳಲಿಲ್ಲ. ತಮ್ಮನೂ ಬೇಡ ಎನ್ನಲಿಲ್ಲ, ಅವನಿಗೆ ಯಾವಾಗ ಒಮ್ಮೆ ಮನೆಯಲ್ಲಿ ಆ ಸಪ್ಪಳ ನಿಂತೀತು ಎಂದಿತ್ತು. ನನ್ನದು ಅಂಜಿಕೆ. ನಾನು ತಡೆದು, ನಾಳೆ ಅಪ್ಪನಿಗೆ ಮತ್ತೆ ಏನಾದರೂ ಆದರೆ ಜನ್ಮವಿಡೀ ನನ್ನ ಕಡೆಯೇ ಬೆರಳು. ಸೋಮವಾರ ಬಾಡಿಗೆ ಗಾಡಿಯಲ್ಲಿ ಸಾರವಾಡಕ್ಕೆ ಹೋದೆವು. ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡವಳು ನಾನೇ. ಗುಡಿಯಲ್ಲಿ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಹೂವು ಇಟ್ಟರು. ಅಂದಿನ ಭಜನೆಗೆ ಬೇರೆ ಯಾರೋ ಬಾರಿಸಿದರು. ಅಪ್ಪ ಕಂಬಕ್ಕೆ ಒರಗಿ ಕೇಳಿದ. ಊರವರು ಅವ್ವನ ಭಕ್ತಿ ದೊಡ್ಡದು ಎಂದರು. ನಾನು ಹೆಂಗಸರ ನಡುವೆ ಕೂತಿದ್ದೆ.

ಅಪ್ಪ, ಅವ್ವ ಸಾರವಾಡದಲ್ಲೇ ಉಳಿದರು. ಎರಡು ತಿಂಗಳಿಗೆ ಬೆರಳುಗಳು ಮತ್ತೆ ಒಳಗೆ ಮಡಚಿಕೊಂಡವು. ಆಗ ಎಚ್ಚರವಾಯಿತು ನನಗೆ, ಎಲ್ಲರ ಮೇಲೆ ಹರಿಹಾಯ್ದೆ. ಗುಡಿಗೆ ಹೋಗಿ ದಿನಕ್ಕೆ ಅರ್ಧ ತಾಸು ಪೇಟಿ ಕೊಡಿ ಎಂದು ಬೇಡಿದೆ. "ದೇವರ ಸಾಮಾನ ಆತ್ರಿ ಅದು. ಕೊಟ್ಟ ಮನಿಯವರು ತಿರುಗಿ ಮುಟ್ಟಬಾರದು" ಎಂದರು ಪೂಜಾರಿ. ವಿಜಯಪುರದಿಂದ ಹೊಸದು ತರುತ್ತೇನೆ ಎಂದೆ. ಅದೂ ಕೊಟ್ಟದ್ದನ್ನು ತಿರುಗಿ ಮನೆಗೆ ತಂದ ಹಾಗೆಯೇ ಎಂದಳು ಅವ್ವ. ಫೋನಿನಲ್ಲಿ ಪೇಟಿ ಬರುತ್ತದೆ ಎಂದು ತೋರಿಸಿದರೆ, "ಸಪ್ಪಳ ಅದ ಐತಲ್ಲ" ಎಂದು ಫೋನು ಕಸಿದುಕೊಂಡಳು. ತಿಕೋಟಾಕ್ಕೆ ಕರೆದೊಯ್ಯುತ್ತೇನೆ ಎಂದೆ. ಅಪ್ಪನನ್ನು ಮಗಳ ಮನೆಯಲ್ಲಿ ಬಿಟ್ಟರೆ ಮಂದಿ ಏನಂದಾರು ಎಂದ ತಮ್ಮ. ದೇವರಿಗಿಂತ ಮಂದಿಯೇ ಅವನಿಗೆ ಹತ್ತಿರ.

ಒಬ್ಬನೇ ಇದ್ದಾಗ ಅಪ್ಪನನ್ನೇ ಕೇಳಿದೆ. "ಯಪ್ಪಾ, ನೀ ಯಾಕ ಬ್ಯಾಡ ಅನಲಿಲ್ಲ?"

"ನನ್ನ ಸಲುವಾಗಿ ಬೇಡಿಕೊಂಡಾಳ ಯವ್ವಾ. ನಾ ಬ್ಯಾಡ ಅಂದ್ರ ಅಕಿ ಮಾರಿ ಹೆಂಗ ನೋಡ್ಲಿ?"

ಹೋದ ತಿಂಗಳು ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಸಾರವಾಡಕ್ಕೆ ಹೋದಾಗ ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ನನಗೆ ಏನು ತಿಳಿಯಿತೋ, ಕಟ್ಟಿಗೆಯ ಮಣೆ ತಂದು ಅವನ ಮುಂದೆ ಇಟ್ಟೆ. ಬಲಗೈಯನ್ನು ಬಿಡಿಸಿ ಅದರ ಮೇಲೆ ಊರಿಸಿದೆ. ಎದುರಿಗೆ ಕೂತು ಎಡಗೈ ಆಡಿಸತೊಡಗಿದೆ, ಒತ್ತಿ ಬಿಟ್ಟು, ಒತ್ತಿ ಬಿಟ್ಟು. ಅವನು ನನ್ನನ್ನು ನೋಡಿ ನಗಲಿಲ್ಲ. ಎಡಗೈಯಿಂದ ಮಣಿಕಟ್ಟು ಹಿಡಿದು ಬೆರಳು ಊರಿದ. ಅದೇ ಭಜನೆಯ ಮೊದಲ ಸಾಲು ಎಂದು ಅವನು ಉಸಿರು ಹಿಡಿದ ಜಾಗದಿಂದಲೇ ನನಗೆ ಗೊತ್ತಾಯಿತು. ಸಾಲು ಮುಗಿಸಿ ಮಣೆಯನ್ನೇ ನೋಡುತ್ತಾ ಕೇಳಿದ:

"ಸರಿ ಬಿತ್ತೋ, ತಪ್ಪಾತೋ? ಹೆಂಗ ತಿಳೀಬೇಕ ಯವ್ವಾ?"

ಅಷ್ಟರಲ್ಲಿ ಅವ್ವ ತಾಟು ತಂದಳು. ಮಣೆಯನ್ನು ಸರಿಸಿ, ಅವನ ಪಕ್ಕದಲ್ಲಿ ಕೂತು ರೊಟ್ಟಿ ಮುರಿದು ತುತ್ತು ಮಾಡಿದಳು. ಅಪ್ಪ ಗೋಡೆ ನೋಡುತ್ತಾ ಬಾಯಿ ತೆರೆದ. ನನ್ನ ಎಡಗೈ ಇನ್ನೂ ಗಾಳಿ ಹಾಕುತ್ತಲೇ ಇತ್ತು.